ಡ್ರೈಸೂಟ್ ಒಳಗೆ ಏನು ಹಾಕ್ತೀರಾ? ಕಡಿಮೆ ಖರ್ಚಲ್ಲಿ ಬೆಚ್ಚಗಿರಬೇಕು

ನಡುಗುವ ಕಪ್ಪೆ:

ಎಲ್ಲರಿಗೂ ನಮಸ್ಕಾರ. ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಒಂದು ಸೆಕೆಂಡ್ ಹ್ಯಾಂಡ್ ಡ್ರೈಸೂಟ್ ಕೊಂಡೆ, ತಣ್ಣೀರಲ್ಲಿ ಡೈವ್ ಮಾಡುವಾಗ ಮೈಗೆ ನೀರು ತಾಗದಂತೆ ಹಾಕುವ ಮುಚ್ಚಿದ ಸೂಟ್. ಟ್ರೈಲ್ಯಾಮಿನೇಟ್, ಅಂದರೆ ರೇನ್‌ಕೋಟ್ ಥರ ತೆಳ್ಳಗಿರುವುದು. ಸೂಟ್ ಚೆನ್ನಾಗಿದೆ, ಎಲ್ಲೂ ಸೋರುವುದಿಲ್ಲ, ಕುತ್ತಿಗೆ, ಮಣಿಕಟ್ಟಿನಲ್ಲಿ ನೀರು ತಡೆಯುವ ಸೀಲ್‌ಗಳೂ ಹೊಸವು. ಆದರೆ ಅದರಲ್ಲಿ ಮಾಡಿದ ಮೂರು ಡೈವ್‌ಗಳಲ್ಲೂ ಚಳಿಗೆ ಸತ್ತೇ ಹೋದೆ. ನೀರು 8 ಡಿಗ್ರಿ ಇತ್ತು, ಆಳ ಸುಮಾರು 18 ಮೀಟರ್. 20 ನಿಮಿಷ ಆಗುತ್ತಿದ್ದಂತೆ ಹಲ್ಲು ಕಟಕಟ ಅನ್ನಲು ಶುರು, 25ಕ್ಕೆ ಜೊತೆಗಾರನಿಗೆ ಮೇಲೆ ಹೋಗೋಣ ಅಂತ ಹೆಬ್ಬೆರಳು ಮೇಲೆ ಮಾಡಿ ತೋರಿಸಿ ವಾಪಸ್ ಬಂದೆ. ಅವನೋ ಇನ್ನೂ ಅರ್ಧ ಗಂಟೆ ಇರುವ ಹುರುಪಿನಲ್ಲಿದ್ದ.

ಕೋರ್ಸ್ ಮಾಡುವಾಗ ಬಾಡಿಗೆಗೆ ಕೊಟ್ಟಿದ್ದು ದಪ್ಪ ನಿಯೋಪ್ರೀನ್ ಡ್ರೈಸೂಟ್. ಅದರಲ್ಲಿ ಇಷ್ಟು ಕಷ್ಟ ಆಗಿರಲಿಲ್ಲ, ಹಾಗಾಗಿ ಒಳಗಿನ ಬಟ್ಟೆಯ ಬಗ್ಗೆ ನಾನು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ಈಗ ಹಾಕುತ್ತಿರುವುದು ತುಂಬು ತೋಳಿನ ಕಾಟನ್ ಟೀ ಶರ್ಟ್, ಅದರ ಮೇಲೊಂದು ಹಳೇ ಸ್ವೆಟ್‌ಶರ್ಟ್, ಕೆಳಗೆ ಟ್ರ್ಯಾಕ್ ಪ್ಯಾಂಟ್, ಕಾಲಿಗೆ ಎರಡು ಜೊತೆ ದಪ್ಪ ಕಾಲುಚೀಲ. ಎಲ್ಲಕ್ಕಿಂತ ಮೊದಲು ಜೋಮು ಹಿಡಿಯುವುದು ಕಾಲ್ಬೆರಳು.

ಡೈವಿಂಗ್‌ಗೆ ಅಂತಲೇ ಮಾಡಿದ ಅಂಡರ್‌ಸೂಟ್‌ಗಳ ಬೆಲೆ ನೋಡಿ ಎದೆ ಒಡೆಯಿತು. ನನ್ನ ಸೂಟಿಗೆ ಕೊಟ್ಟದ್ದರಲ್ಲಿ ಅರ್ಧದಷ್ಟು ಅದಕ್ಕೇ ಹೋಗುತ್ತದೆ. ಹಾಗಾಗಿ ಕೇಳುತ್ತಿದ್ದೇನೆ. ಟ್ರೆಕ್ಕಿಂಗ್‌ಗೆ ಹಾಕುವ ಮಾಮೂಲಿ ಫ್ಲೀಸ್, ಅಂದರೆ ಆ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆ, ಸಾಕಾಗುತ್ತದಾ? ನನ್ನ ಹತ್ತಿರ ಒಂದು ಒಳ್ಳೇ ಹಕ್ಕಿಪುಕ್ಕದ ಜಾಕೆಟ್ ಇದೆ, ಹಿಮದಲ್ಲೂ ಬೆಚ್ಚಗಿಡುತ್ತದೆ, ಅದನ್ನೇ ಒಳಗೆ ಹಾಕಿದರೆ ಹೇಗೆ? ಎಷ್ಟು ಪದರ ಬೇಕು? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಅಂತ ಅನುಭವ ಇರುವವರು ಹೇಳಿ.

ಹಳೇ ಫಿನ್:

ಮೊದಲು ಆ ಕಾಟನ್ ಟೀ ಶರ್ಟನ್ನು ಪಕ್ಕಕ್ಕಿಡಿ. ಡೈವ್ ಮುಗಿಸಿ ಮೇಲೆ ಬಂದ ಮೇಲೆ ಹಾಕಿಕೊಳ್ಳಲು ಚೆನ್ನಾಗಿರುತ್ತದೆ, ನೀರಿಗೆ ಮಾತ್ರ ಬೇಡ.

ಟ್ರೈಲ್ಯಾಮಿನೇಟ್ ಸೂಟ್ ಒಂದು ಚೀಲ ಅಷ್ಟೇ. ನೀರನ್ನು ಹೊರಗಿಡುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಬಾಡಿಗೆ ನಿಯೋಪ್ರೀನ್ ಸೂಟಿನಲ್ಲಿ ರಬ್ಬರಿನೊಳಗೇ ಸಾವಿರಾರು ಗಾಳಿಗುಳ್ಳೆ ಇರುವುದರಿಂದ ಸೂಟೇ ಸ್ವಲ್ಪ ಬೆಚ್ಚಗಿಡುತ್ತಿತ್ತು, ನಿಮ್ಮ ಕಾಟನ್ ಬಟ್ಟೆಯ ತಪ್ಪು ಅದರಲ್ಲಿ ಮುಚ್ಚಿಹೋಯಿತು. ಈಗಿನ ಸೂಟಿನಲ್ಲಿ ನಿಮ್ಮನ್ನು ಕಾಯುವುದು ಒಳಬಟ್ಟೆ ಹಿಡಿದಿಟ್ಟುಕೊಂಡ ಗಾಳಿ ಒಂದೇ. ಗಾಳಿಗೆ ಹೋಲಿಸಿದರೆ ನೀರು ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ. ಅಂದರೆ ಮೈಗಂಟಿದ ಬಟ್ಟೆ ಒದ್ದೆಯಾದರೆ ಕಥೆ ಮುಗೀತು.

ಸೂಟ್ ಸೋರುವುದಿಲ್ಲವಲ್ಲ, ಒದ್ದೆ ಎಲ್ಲಿಂದ ಅಂತ ಕೇಳುತ್ತೀರಿ. ಬೆವರಿನಿಂದ. ದಡದಲ್ಲಿ ಸೂಟ್ ಏರಿಸಿ, ಜಿಪ್ ಎಳೆದು, ಸಿಲಿಂಡರ್ ಹೊತ್ತು, ಫಿನ್ ಹುಡುಕಿ, ಜೊತೆಗಾರನ ಮಾಸ್ಕ್ ಪಟ್ಟಿ ಸರಿಮಾಡುವವರೆಗೆ ಕಾಯ್ದು, ಆಮೇಲೆ ನೀರಿಗೆ ನಡೆದುಹೋಗುವಷ್ಟರಲ್ಲಿ ಬೆನ್ನು ತೊಪ್ಪೆ ಆಗಿರುತ್ತದೆ. ಕಾಟನ್ ಆ ಬೆವರನ್ನು ಕುಡಿದು ಹಾಗೇ ಮೈಗೆ ಅಂಟಿ ಕೂರುತ್ತದೆ. ಪಾಲಿಯೆಸ್ಟರ್ ನೀರು ಹೀರುವುದೇ ಇಲ್ಲ ಅನ್ನಬಹುದು, ಬೆವರನ್ನು ಮೈಯಿಂದ ಹೊರಪದರಕ್ಕೆ ದಾಟಿಸುತ್ತದೆ. ಉಣ್ಣೆ ಹೀರುತ್ತದೆ, ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ, ಬೆಚ್ಚಗೂ ಇರುತ್ತದೆ. ತಾಮ್ರದ ಹೆಲ್ಮೆಟ್ ಹಾಕಿ ಇಳಿಯುತ್ತಿದ್ದ ಹಳೇ ಕಾಲದ ಡೈವರ್‌ಗಳು ಕ್ಯಾನ್ವಾಸ್ ಸೂಟಿನ ಒಳಗೆ ಉಣ್ಣೆಯ ಉಡುಪನ್ನೇ ಹಾಕುತ್ತಿದ್ದರು. ಆಗಸ್ಟಸ್ ಸೀಬೆ 1837ರ ಹೊತ್ತಿಗೆ ಆ ಮುಚ್ಚಿದ ಸೂಟ್ ಮಾಡಿದಾಗಿನಿಂದ ಲೆಕ್ಕ ಅದೇ: ಹೊರಗೆ ನೀರು ತಡೆಯಲು ಒಂದು, ಒಳಗೆ ಬೆಚ್ಚಗಿಡಲು ಇನ್ನೊಂದು.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ಮೈಗೆ ಅಂಟುವಂತೆ ತೆಳ್ಳನೆ ಮೆರಿನೊ ಉಣ್ಣೆಯ ಅಥವಾ ಪಾಲಿಯೆಸ್ಟರ್ ಥರ್ಮಲ್ ಒಂದು ಜೊತೆ, ಸ್ಕೀಯಿಂಗಿಗೋ ಟ್ರೆಕ್ಕಿಂಗಿಗೋ ಮಾರುವಂಥದ್ದು. ಡೈವಿಂಗ್ ಅಂತ ಲೇಬಲ್ ಇಲ್ಲದಿದ್ದರೆ ಅದೇ ಬಟ್ಟೆ ಎಷ್ಟೋ ಅಗ್ಗ. ಅದರ ಮೇಲೆ ದಪ್ಪ ಫ್ಲೀಸ್, ಮೇಲೂ ಕೆಳಗೂ. ಅದರ ಮೇಲೆ ತೋಳಿಲ್ಲದ ಒಂದು ಫ್ಲೀಸ್ ವೆಸ್ಟ್. ಈ ವೆಸ್ಟ್ ಇದೆಯಲ್ಲ, ಕೊಟ್ಟ ಕಾಸಿಗೆ ಇದಕ್ಕಿಂತ ಹೆಚ್ಚು ಕೆಲಸ ಮಾಡುವ ವಸ್ತು ನಾನು ನೋಡಿಲ್ಲ. ಎದೆ ಹೊಟ್ಟೆ ಬೆಚ್ಚಗಿದ್ದರೆ ಮೈ ತನ್ನ ಬಿಸಿ ರಕ್ತವನ್ನು ಕೈಕಾಲಿಗೆ ಕಳಿಸಲು ಜಿಪುಣತನ ಮಾಡುವುದಿಲ್ಲ, ಕಂಕುಳಲ್ಲಿ ಬಟ್ಟೆ ಮುದ್ದೆಯಾಗಿ ತೋಳು ಎತ್ತಲು ಕಷ್ಟವೂ ಆಗುವುದಿಲ್ಲ.

ಪುಕ್ಕದ ಜಾಕೆಟ್ ಬೇಡವೇ ಬೇಡ. ಪುಕ್ಕ ಬೆಚ್ಚಗಿರುವುದು ಉಬ್ಬಿಕೊಂಡಿದ್ದಾಗ ಮಾತ್ರ. ನೀರಿನ ಒತ್ತಡಕ್ಕೆ ಅದು ಹಪ್ಪಳ ಆಗುತ್ತದೆ, ಬೆವರು ತಾಗಿದರೆ ಉಂಡೆ ಕಟ್ಟುತ್ತದೆ. ಸುಮ್ನೆ ಒಳ್ಳೇ ಜಾಕೆಟ್ ಹಾಳು.

ಗುಳ್ಳೆರಾಣಿ:

ಫಿನ್ ಅವರು ಹೇಳಿದ್ದು ಸರಿ. ನಾನು ಐದು ವರ್ಷದಿಂದ ಅಂಗಡಿಯ ಮಾಮೂಲಿ ಬಟ್ಟೆಯಲ್ಲೇ ಇಳಿಯುತ್ತಿದ್ದೇನೆ, 6 ಡಿಗ್ರಿವರೆಗೂ. ಹಾಗಾಗಿ ಕೈಯಾರೆ ಮಾಡಿಕೊಂಡ ತಪ್ಪುಗಳ ಪಟ್ಟಿ ಉದ್ದ ಇದೆ, ಕೆಲವನ್ನು ಹೇಳುತ್ತೇನೆ.

ಮೇಲೆ ಬೇರೆ ಕೆಳಗೆ ಬೇರೆ ಫ್ಲೀಸ್ ಹಾಕಿದರೆ ಸೊಂಟದ ಹತ್ತಿರ ಕಿತ್ತುಕೊಳ್ಳುತ್ತದೆ. ಸೂಟ್ ಎಳೆಯುವಾಗ ಗೊತ್ತಾಗುವುದಿಲ್ಲ, ನೀರಲ್ಲಿ ಬಗ್ಗಿದಾಗ ಬೆನ್ನಿನ ಕೆಳಗೆ ಒಂದು ಗೇಣು ಜಾಗ ತಣ್ಣಗೆ ಕೊರೆಯುತ್ತದೆ. ಆದ್ದರಿಂದ ಒಂದೇ ತುಂಡಿನ ಫ್ಲೀಸ್ ಹುಡುಕಿ, ಮನೆಯಲ್ಲಿ ಹಾಕಿಕೊಳ್ಳಲು ಮಾರುವ ಆ ತಮಾಷೆಯ ಉಡುಪು ಇರುತ್ತದಲ್ಲ, ಕುತ್ತಿಗೆಯಿಂದ ಪಾದದವರೆಗೆ, ಅದೇ. ನನ್ನದರ ಮೇಲೆ ಕರಡಿಮರಿಗಳಿವೆ, ಯಾರು ನೋಡುತ್ತಾರೆ? ಅದಕ್ಕೆ ಟೊಪ್ಪಿ ಇದ್ದರೆ ಕತ್ತರಿಸಿ ಬಿಸಾಡಿ. ಎರಡು ತುಂಡಿನದೇ ಬೇಕಾದರೆ ಪ್ಯಾಂಟಿಗೆ ಭುಜದ ಪಟ್ಟಿ ಹೊಲಿಸಿಕೊಳ್ಳಿ. ಒಂದೇ ತುಂಡಿನದರ ಕಷ್ಟ ಎಂದರೆ ಎರಡು ಡೈವ್ ನಡುವೆ ಶೌಚಕ್ಕೆ ಹೋಗುವುದು. ನಮಗೆ ಹೆಂಗಸರಿಗಂತೂ ಪೂರ್ತಿ ಕಳಚಬೇಕು. ಅದಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ, ಚಳಿಯಲ್ಲಿ ಮುಳುಗಿದಾಗ ಮೈ ತಾನಾಗೇ ಜಾಸ್ತಿ ಮೂತ್ರ ಮಾಡುತ್ತದೆ, ನೀರು ಕಳೆದುಕೊಂಡ ಮೈಗೆ ಡಿಕಂಪ್ರೆಷನ್, ಅಂದರೆ ಮೇಲೆ ಬರುವಾಗ ಮೈಯಲ್ಲಿ ಕರಗಿದ ಸಾರಜನಕ ಹೊರಹೋಗುವ ವಿಷಯದಲ್ಲೂ ಒಳ್ಳೆಯದಲ್ಲ.

ಜೇಬು, ಲೋಹದ ಗುಂಡಿ, ದಾರದ ತುದಿಯ ಪ್ಲಾಸ್ಟಿಕ್ ಮಣಿ, ದೊಡ್ಡ ಹಲ್ಲಿನ ಜಿಪ್ ಇರುವುದನ್ನು ಕೊಳ್ಳಬೇಡಿ. ಸೂಟ್ ಮೈಗೆ ಒತ್ತಿದಾಗ ಅವೆಲ್ಲ ಚರ್ಮದ ಮೇಲೆ ಅಚ್ಚು ಒತ್ತುತ್ತವೆ. ನನ್ನ ಕಾಲರ್ ಮೂಳೆ ಮೇಲೆ ಒಂದು ಜಿಪ್ ತುದಿಯ ಗುರುತು ವಾರಗಟ್ಟಲೆ ಇತ್ತು.

ಇನ್ನು ಕಾಲು. ಎರಡು ಜೊತೆ ದಪ್ಪ ಕಾಲುಚೀಲ ಅಂದಿರಲ್ಲ, ತೊಂದರೆ ಅಲ್ಲೇ ಇರಬಹುದು. ಬೂಟಿನೊಳಗೆ ಬೆರಳು ಆಡಿಸಲು ಜಾಗ ಇದೆಯಾ ನೋಡಿ. ಬಿಗಿಯಾದರೆ ಗಾಳಿಗೂ ಜಾಗವಿಲ್ಲ, ರಕ್ತವೂ ಸರಿಯಾಗಿ ಓಡುವುದಿಲ್ಲ, ಮೂರನೇ ಜೊತೆ ಹಾಕಿದರೆ ಇನ್ನೂ ಚಳಿ. ನಾನು ತೆಳ್ಳನೆ ಪಾಲಿಯೆಸ್ಟರ್ ಒಂದು, ಅದರ ಮೇಲೆ ಸಡಿಲವಾದ ದಪ್ಪ ಉಣ್ಣೆಯದು ಒಂದು ಹಾಕುತ್ತೇನೆ. ಆಮೇಲೆ ನೀರಲ್ಲಿ ನೀವು ನೆಟ್ಟಗೆ ನಿಂತ ಹಾಗೆ ಇರುತ್ತೀರಾ, ಮಲಗಿದ ಹಾಗೆ ಇರುತ್ತೀರಾ? ನೆಟ್ಟಗಿದ್ದರೆ ಗಾಳಿ ಎಲ್ಲ ಹೆಗಲಿಗೆ ಏರಿ ಕಾಲಿನ ಕಡೆ ಸೂಟ್ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಡ್ಡಡ್ಡ ಮಲಗಿ ಈಜಿದರೆ ಪಾದಕ್ಕೂ ಸ್ವಲ್ಪ ಗಾಳಿ ಸಿಗುತ್ತದೆ. ಕಾಸಿಲ್ಲದ ಉಪಾಯ ಇದು, ಮೊದಲು ಇದನ್ನೇ ಮಾಡಿ ನೋಡಿ.

ಸೀಸದಪ್ಪ:

ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫ್ಲೀಸ್ ಅಗ್ಗ, ಒಪ್ಪಿದೆ. ಆದರೆ 8 ಡಿಗ್ರಿ ನೀರಿನಲ್ಲಿ ಸೂಟ್ ಹರಿದರೆ, ಕೈ ಸೀಲ್ ಕಿತ್ತುಹೋದರೆ? ಫ್ಲೀಸ್ ಸ್ಪಂಜಿನ ಥರ ನೀರು ತುಂಬಿಕೊಳ್ಳುತ್ತದೆ. ಡೈವಿಂಗ್‌ಗೆ ಅಂತ ಮಾಡಿದ ಥಿನ್ಸುಲೇಟ್ ಥರದ ಒಳಸೂಟ್‌ಗಳು ಕೂದಲಿಗಿಂತ ತೆಳ್ಳಗಿನ ಎಳೆಗಳವು, ಒತ್ತಿದರೂ ಪೂರ್ತಿ ಚಪ್ಪಟೆ ಆಗುವುದಿಲ್ಲ, ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತವೆ. ದುಡ್ಡು ಸುಮ್ನೆ ತೆಗೆದುಕೊಳ್ಳುವುದಿಲ್ಲ ಅವರು. ಲೇಬಲ್ಲಿನಲ್ಲಿ 100, 200, 400 ಅಂತ ಇರುತ್ತದಲ್ಲ, ಅದು ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅಂತ. ಫ್ಲೀಸ್ ಬಟ್ಟೆಗೂ ಅದೇ ಲೆಕ್ಕ ಇರುತ್ತದೆ, ಆದರೆ 200ರ ಫ್ಲೀಸ್ ಮತ್ತು 200ರ ಥಿನ್ಸುಲೇಟ್ ಒಂದೇ ಅಂದುಕೊಂಡು ಮೋಸ ಹೋಗಬೇಡಿ. ಎರಡು ಬೇರೆ ವಸ್ತು, ಗ್ರಾಂ ನೋಡಿ ಹೋಲಿಸಬಾರದು. ಬಳಸಿದ ಒಳಸೂಟ್‌ಗಳು ಅರ್ಧಕ್ಕಿಂತ ಕಡಿಮೆಗೆ ಸಿಗುತ್ತವೆ. ದಪ್ಪ ಆದವರು ತೆಳ್ಳಗಾದವರು ಎಲ್ಲರೂ ಮಾರುತ್ತಿರುತ್ತಾರೆ, ಸ್ವಲ್ಪ ಕಾದರೆ ಸಾಕು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ, ನನಗೆ ಇದು ಚಳಿಗಿಂತ ದೊಡ್ಡದು. ಡಂಪ್ ವಾಲ್ವ್. ಎಡ ತೋಳಿನ ಮೇಲೆ ಇರುತ್ತದಲ್ಲ, ಮೇಲೆ ಬರುವಾಗ ಸೂಟಿನ ಗಾಳಿ ಹೊರಗೆ ಹೋಗುವ ಮುಖ್ಯ ದಾರಿ ಅದೇ. ನಾನು ಹೊಸದರಲ್ಲಿ ಗಾಳಿ ತೂರದ ಪದರ ಇರುವ ಫ್ಲೀಸ್ ಹಾಕಿದ್ದೆ. ಬೈಕ್ ಓಡಿಸುವವರಿಗೆ ಮಾರುವ ಥರದ್ದು. ದಡದಲ್ಲಿ ಸ್ವರ್ಗದಂತೆ ಬೆಚ್ಚಗಿತ್ತು. 15 ಮೀಟರ್‌ನಿಂದ ಮೇಲೆ ಬರುವಾಗ ತೋಳು ಎತ್ತಿದೆ, ಗಾಳಿ ಹೋಗಲಿಲ್ಲ. ಆ ಬಟ್ಟೆ ವಾಲ್ವಿನ ಬಾಯಿಗೆ ಮುಚ್ಚಳದ ಥರ ಅಂಟಿಕೊಂಡಿತ್ತು. ಗಾಳಿ ಹಿಗ್ಗುತ್ತಾ ಹೋಯಿತು, ನಾನು ಬಲೂನಿನ ಥರ ಏರತೊಡಗಿದೆ. ಕುತ್ತಿಗೆ ಸೀಲಿನ ಒಳಗೆ ಎರಡು ಬೆರಳು ತೂರಿಸಿ ಗಾಳಿ ಬಿಟ್ಟೆ, ತಣ್ಣೀರು ಎದೆಗೆ ಇಳಿಯಿತು, ಆದರೆ ಉಳಿದೆ. ಅವತ್ತಿನಿಂದ ಯಾವ ಬಟ್ಟೆಯನ್ನೂ ಬಾಯಿಗಿಟ್ಟು ಊದಿ ನೋಡದೆ ಕೊಳ್ಳುವುದಿಲ್ಲ. ಉಸಿರು ಸರಾಗವಾಗಿ ಆ ಕಡೆ ಹೋಗಬೇಕು. ಹೋಗಲಿಲ್ಲವೇ, ಅಂಗಡಿಯಲ್ಲೇ ಬಿಡಿ. ಒಳಸೂಟ್‌ಗಳಲ್ಲಿ ಕೆಲವಕ್ಕೆ ವಾಲ್ವ್ ಇರುವ ಜಾಗದಲ್ಲಿ ಬಲೆಯಂಥ ಬಟ್ಟೆ ಹೊಲಿದಿರುತ್ತಾರೆ, ಅದು ಇದಕ್ಕೇ.

ಗುಳ್ಳೆರಾಣಿ:

ಊದಿ ನೋಡುವ ಉಪಾಯ ಚೆನ್ನಾಗಿದೆ. ಜೊತೆಗೆ ಹೊಸ ಫ್ಲೀಸನ್ನು ಎರಡು ಮೂರು ಸಲ ಒಗೆದೇ ಹಾಕಿ. ಹೊಸದರಲ್ಲಿ ನೂಲಿನ ಚೂರು ಉದುರುತ್ತದೆ, ಒಂದೇ ಒಂದು ಎಳೆ ಡಂಪ್ ವಾಲ್ವಿನ ಒಳಗೆ ಸಿಕ್ಕಿಕೊಂಡರೂ ತೋಳು ತೊಟ್ಟಿಕ್ಕಲು ಶುರುವಾಗುತ್ತದೆ, ನೀವು ಸೂಟ್ ಹರಿದಿದೆ ಅಂದುಕೊಂಡು ರಿಪೇರಿಗೆ ಓಡುತ್ತೀರಿ. ಒಗೆಯುವಾಗ ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟ್‌ನರ್ ಬೇಡ, ಅದು ಎಳೆಗಳ ಮೇಲೆ ಜಿಡ್ಡಿನ ಥರ ಕೂತು ಬೆವರು ದಾಟಿಸುವ ಗುಣ ಕೆಡಿಸುತ್ತದೆ.

ಆದರೆ ಸೂಟ್ ಹರಿಯುವ ಮಾತಿಗೆ ನನ್ನ ಒಪ್ಪಿಗೆ ಅರ್ಧ. ಪೂರ್ತಿ ನೀರು ತುಂಬಿದರೆ ಯಾವ ಒಳಸೂಟ್ ಇದ್ದರೂ ಡೈವ್ ಅಲ್ಲಿಗೇ ಮುಗಿಯುತ್ತದೆ. 18 ಮೀಟರ್‌ನಲ್ಲಿ, ಡಿಕಂಪ್ರೆಷನ್‌ಗೆ ದಾರಿಯಲ್ಲಿ ನಿಲ್ಲಬೇಕಾಗಿಲ್ಲದವರು ನೇರ ಮೇಲೆ ಬರಬಹುದು, ಫ್ಲೀಸ್ ಸಾಕು. ಗಂಟೆಗಟ್ಟಲೆ ಡಿಕಂಪ್ರೆಷನ್ ಇರುವ ಆಳದ ಡೈವ್ ಆದರೆ, ಗುಹೆಯ ಒಳಗಾದರೆ, ನಿಮ್ಮ ಮಾತೇ ಸರಿ.

ಸೀಸದಪ್ಪ:

ಅರ್ಧ ಒಪ್ಪಿಗೆಯೂ ಲಾಭವೇ.

ನಡುಗುವ ಕಪ್ಪೆ:

ಎಲ್ಲರಿಗೂ ದೊಡ್ಡ ನಮಸ್ಕಾರ, ಇಷ್ಟು ನಿರೀಕ್ಷಿಸಿರಲಿಲ್ಲ. ಕಾಟನ್ ಬಿಟ್ಟೆ, ಪುಕ್ಕದ ಆಸೆಯೂ ಬಿಟ್ಟೆ. ಕರಡಿಮರಿ ಉಡುಪು ಹುಡುಕುತ್ತಿದ್ದೇನೆ.

ಒಂದು ಅನುಮಾನ. ಫಿನ್ ಅವರು ಗಾಳಿಯೇ ಬೆಚ್ಚಗಿಡುವುದು ಅಂದಿರಿ. ನಾನು ಸಿಲಿಂಡರಿನಿಂದ ಸೂಟಿಗೆ ಗಾಳಿ ಹಾಕುವುದು ತೀರಾ ಕಡಿಮೆ, ಒಂದೆರಡು ಸಲ ಚುಸ್ ಅನ್ನಿಸುತ್ತೇನೆ ಅಷ್ಟೇ. ತೇಲುವುದಕ್ಕೆಲ್ಲ ಬಿಸಿಡಿ, ಅಂದರೆ ಹೊರಗೆ ಹಾಕುವ ಗಾಳಿ ತುಂಬುವ ಜಾಕೆಟ್, ಬಳಸುತ್ತೇನೆ. ಸೂಟಿನಲ್ಲಿ ಜಾಸ್ತಿ ಗಾಳಿ ಇದ್ದರೆ ಕಾಲು ಮೇಲಾಗಿ ತಲೆಕೆಳಗಾಗುತ್ತೇನೆ ಅನ್ನುವ ಭಯ. ಕೆಳಗಿದ್ದಾಗ ಸೂಟ್ ಮೈಗೆಲ್ಲ ಬಿಗಿಯಾಗಿ ಹಿಡಿದಿರುತ್ತದೆ, ಮೇಲೆ ಬಂದು ಬಿಚ್ಚಿದರೆ ತೊಡೆಯ ಮೇಲೆ ಕೆಂಪು ಗೆರೆಗಳಿರುತ್ತವೆ. ಇದು ಮಾಮೂಲಿ ಅಲ್ವಾ?

ಹಳೇ ಫಿನ್:

ಮಾಮೂಲಿ ಅಲ್ಲ! ಬಟ್ಟೆಗಿಂತ ಮೊದಲು ಇದನ್ನು ಕೇಳಬೇಕಿತ್ತು ನಾನು. ಆ ಕೆಂಪು ಗೆರೆ ಸೂಟ್ ಚಿವುಟಿದ ಗುರುತು.

ಲೆಕ್ಕ ನೋಡಿ. ಮೇಲೆ 1 ಬಾರ್ ಒತ್ತಡ. 10 ಮೀಟರ್‌ನಲ್ಲಿ 2 ಬಾರ್, ಸೂಟಿನೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ನಿಮ್ಮ 18 ಮೀಟರ್‌ನಲ್ಲಿ 2.8 ಬಾರ್, ಅಂದರೆ ಗಾಳಿ ಮೂರರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ ಉಳಿದಿರುತ್ತದೆ. ವಿಜ್ಞಾನಿ ಬಾಯ್ಲ್ ಹೇಳಿದ್ದು ಇದನ್ನೇ. ನೀವು ಅದನ್ನು ತುಂಬಿಕೊಡದಿದ್ದರೆ ಸೂಟ್ ಒಳಬಟ್ಟೆಯನ್ನು ಹಿಂಡಿ ಹಾಕುತ್ತದೆ. ಹಿಂಡಿದ ಫ್ಲೀಸಿನಲ್ಲಿ ಗಾಳಿ ಎಲ್ಲಿರುತ್ತದೆ? ಎಷ್ಟೇ ದುಬಾರಿ ಒಳಸೂಟ್ ಕೊಂಡರೂ ಹೀಗೆ ಇಳಿದರೆ ನೀವು ನಡುಗುತ್ತೀರಿ.

ಇಳಿಯುತ್ತಾ ಹೋದಂತೆ ಚಿಕ್ಕ ಚಿಕ್ಕದಾಗಿ ಹಾಕುತ್ತಾ ಹೋಗಿ. ಬಿಗಿತ ಹೋಗಬೇಕು, ಬಟ್ಟೆ ಉಬ್ಬಿ ಕೂರಬೇಕು, ಕೈ ಮಡಿಸಿ ಚಾಚಿದಾಗ ಎಳೆತ ಇರಬಾರದು. ಅಲ್ಲಿಗೆ ನಿಲ್ಲಿಸಿ. ದೊಡ್ಡ ಗುಳ್ಳೆಯೊಂದು ಒಳಗೆ ಓಡಾಡುವಷ್ಟು ಬೇಡ, ನಿಮ್ಮ ಭಯ ಸುಳ್ಳಲ್ಲ, ಜಾಸ್ತಿ ಗಾಳಿ ಕಾಲಿಗೆ ಹೋಗಿ ತಲೆಕೆಳಗಾದವರಿದ್ದಾರೆ. ಉಳಿದ ತೇಲುವಿಕೆಗೆ ಬಿಸಿಡಿ. ಕೆಲವರು ಪೂರ್ತಿ ಸೂಟಿನಲ್ಲೇ ಸಂಭಾಳಿಸು ಅಂತ ಕಲಿಸುತ್ತಾರೆ, ಕೆಲವರು ಬಿಸಿಡಿ ಅನ್ನುತ್ತಾರೆ, ಆ ಜಗಳಕ್ಕೆ ನಾನು ಬರುವುದಿಲ್ಲ. ಎರಡೂ ಕಡೆಯವರು ಒಪ್ಪುವ ಮಾತೆಂದರೆ ಸೂಟ್ ಹಿಂಡುವಷ್ಟು ಖಾಲಿ ಇರಬಾರದು ಎನ್ನುವುದು.

ಇದಕ್ಕೆ ಬೆಲೆಯೂ ಇದೆ, ಮುಳುಗಲು ಕಟ್ಟಿಕೊಳ್ಳುವ ಸೀಸದ ರೂಪದಲ್ಲಿ, ಗಾಳಿ ಜಾಸ್ತಿಯಾದಷ್ಟೂ ತೂಕ ಜಾಸ್ತಿ ಬೇಕು. ಹೊಸ ಬಟ್ಟೆ ಹಾಕಿದ ಮೇಲೆ ತೂಕವನ್ನು ಹೊಸದಾಗಿ ನೋಡಿಕೊಳ್ಳಿ. ಸಿಲಿಂಡರ್ 50 ಬಾರ್‌ಗೆ ಇಳಿದಿರಬೇಕು, ಬಿಸಿಡಿ ಖಾಲಿ, ಸೂಟಿನಲ್ಲಿ ಆರಾಮಾಗಿರುವಷ್ಟು ಗಾಳಿ, ಆಗ 5 ಮೀಟರ್‌ನಲ್ಲಿ ಏರದೆ ಇಳಿಯದೆ ನಿಲ್ಲಬೇಕು. ಎಷ್ಟೋ ಜನ ತೂಕ ಕಡಿಮೆ ಹಾಕುವುದನ್ನೇ ದೊಡ್ಡಸ್ತಿಕೆ ಮಾಡಿಕೊಂಡು, ಸೇಫ್ಟಿ ಸ್ಟಾಪಿನಲ್ಲಿ (ಮೇಲೆ ಬರುವ ಮೊದಲು 5 ಮೀಟರ್‌ನಲ್ಲಿ ಸ್ವಲ್ಪ ಹೊತ್ತು ಕಾಯುವುದು) ನಿಲ್ಲಲು ಸೂಟಿನ ಗಾಳಿಯನ್ನೆಲ್ಲ ಬಿಟ್ಟು, ಡೈವಿನ ಕೊನೆಯಲ್ಲಿ ಚಳಿಯಿಂದ ಸಾಯುತ್ತಾರೆ.

ಬ್ಯಾಟರಿ ಬಾಬು:

ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಪದರ ಯಾಕೆ? ಬೈಕಿನವರಿಗೆ ಅಂತ ಬಿಸಿಯಾಗುವ ವೆಸ್ಟ್ ಬರುತ್ತದೆ, ಫೋನ್ ಚಾರ್ಜ್ ಮಾಡುವ ಪವರ್‌ಬ್ಯಾಂಕಿನಲ್ಲಿ ನಡೆಯುತ್ತದೆ, ಬೆಲೆಯೂ ಕಡಿಮೆ. ಫ್ಲೀಸ್ ಮೇಲೆ ಅದನ್ನು ಹಾಕಿಕೊಂಡರೆ ಕಥೆ ಮುಗಿಯಿತಲ್ಲ?

ಸೀಸದಪ್ಪ:

ಬಾಬು ಅವರೇ, ನಿಮ್ಮ ಕಥೆಯೂ ಮುಗಿಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಮುಚ್ಚಿದ ಸೂಟಿನೊಳಗೆ, ಬೆವರಿನ ತೇವದಲ್ಲಿ, ಎದೆಗೆ ಕಟ್ಟಿಕೊಂಡು ನೀರಿಗೆ ಇಳಿದು, ಅಲ್ಲಿ ಅದಕ್ಕೆ ಬೆಂಕಿ ಹತ್ತಿದರೆ ಎಷ್ಟು ಹೊತ್ತಿಗೆ ಜಿಪ್ ಬಿಚ್ಚುತ್ತೀರಿ? ಎಷ್ಟೋ ಸೂಟಿನ ಜಿಪ್ ಬೆನ್ನ ಮೇಲಿರುತ್ತದೆ, ಬಿಚ್ಚಲು ಇನ್ನೊಬ್ಬರು ಬೇಕು. ಡೈವಿಂಗ್‌ಗೆ ಅಂತ ಮಾಡಿದ ಬಿಸಿ ವೆಸ್ಟ್‌ಗಳಲ್ಲಿ ಬ್ಯಾಟರಿಯನ್ನು ಸೂಟಿನ ಹೊರಗಿಟ್ಟು ತಂತಿಯನ್ನು ಒಳಗೆ ತರುವ ವ್ಯವಸ್ಥೆಯೂ ಇದೆ. ಅದು ಅಗ್ಗವಲ್ಲ, ಈ ಮಾತುಕತೆಗೆ ಸೇರಿದ್ದೂ ಅಲ್ಲ.

ಹಳೇ ಫಿನ್:

ಒಂದು ಸೇರಿಸುತ್ತೇನೆ. ಬ್ಯಾಟರಿ ನಂಬಿ ಪದರ ಕಡಿಮೆ ಮಾಡಬಾರದು, ಕಾರಣ ಬರೀ ಚಳಿಯಲ್ಲ. ಅಮೆರಿಕದ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ 2007ರಲ್ಲಿ ಇದರ ಬಗ್ಗೆಯೇ ಒಂದು ವರದಿ ತಂದಿತು. ತಳದಲ್ಲಿ ಬೆಚ್ಚಗಿದ್ದು ಡಿಕಂಪ್ರೆಷನ್ ಹೊತ್ತಿನಲ್ಲಿ ತಣ್ಣಗಾದವರಿಗೆ ಬೆಂಡ್ಸ್, ಅಂದರೆ ಮೈಯಲ್ಲಿ ಸಾರಜನಕ ಗುಳ್ಳೆಯಾಗಿ ಬರುವ ಕಾಯಿಲೆ, ಬರುವ ಸಾಧ್ಯತೆ ತುಂಬಾ ಜಾಸ್ತಿ ಇತ್ತು, ತಳದಲ್ಲಿ ತಣ್ಣಗಿದ್ದು ಆಮೇಲೆ ಬೆಚ್ಚಗಾದವರಿಗೆ ತುಂಬಾ ಕಡಿಮೆ. ಬೆಚ್ಚಗಿದ್ದಾಗ ರಕ್ತ ಚೆನ್ನಾಗಿ ಓಡಿ ಮೈ ಸಾರಜನಕ ಜಾಸ್ತಿ ತುಂಬಿಕೊಳ್ಳುತ್ತದೆ, ಆಮೇಲೆ ಚಳಿಗೆ ರಕ್ತನಾಳಗಳು ಬಿಗಿದುಕೊಂಡರೆ ಅದು ಹೊರಗೆ ಬರುವುದು ನಿಧಾನ. ಅವರ ಪ್ರಯೋಗದ ನೀರು ನಿಮ್ಮ ನೀರಿಗಿಂತ ಎಷ್ಟೋ ಬೆಚ್ಚಗಿತ್ತು, ಹಾಗಂತ ಯಾರೂ ಬೇಕಂತಲೇ ತಳದಲ್ಲಿ ನಡುಗುತ್ತಾ ಕೂರಬೇಡಿ. ಆದರೆ ಅರ್ಧ ದಾರಿಯಲ್ಲಿ ಬ್ಯಾಟರಿ ಸತ್ತರೆ ಆಗುವುದು ಸರಿಯಾಗಿ ಆ ಕೆಟ್ಟ ಕಡೆಯದೇ. ಬಟ್ಟೆಗೆ ಚಾರ್ಜ್ ಮುಗಿಯುವುದಿಲ್ಲ.

ಬ್ಯಾಟರಿ ಬಾಬು:

ಆಯ್ತು ಬಿಡಿ, ಬೈಕಿನಲ್ಲೇ ಹಾಕಿಕೊಳ್ಳುತ್ತೇನೆ. ಸೂಟಿಗೆ ಆರ್ಗಾನ್ ತುಂಬಿದರೆ ಬೆಚ್ಚಗಿರುತ್ತದೆ ಅಂತಾರಲ್ಲ, ಅದು ನಿಜವಾ?

ಹಳೇ ಫಿನ್:

ಆರ್ಗಾನ್ ಶಾಖ ಸಾಗಿಸುವುದು ಗಾಳಿಯ ಮೂರರಲ್ಲಿ ಎರಡು ಪಾಲಿನಷ್ಟು, ಕಾಗದದ ಮೇಲೆ ಚೆನ್ನಾಗಿದೆ. ಅದಕ್ಕೆ ಬೇರೆ ಚಿಕ್ಕ ಸಿಲಿಂಡರ್, ಬೇರೆ ರೆಗ್ಯುಲೇಟರ್, ಪ್ರತಿ ಸಲ ತುಂಬಿಸುವ ಖರ್ಚು, ಸೂಟಿನ ಹಳೇ ಗಾಳಿಯನ್ನು ಪೂರ್ತಿ ತೊಳೆದು ಹಾಕುವ ರಗಳೆ. ಆ ದುಡ್ಡಿಗೆ ಮೂರು ಫ್ಲೀಸ್ ಬರುತ್ತದೆ. ತುಂಬಾ ಆಳಕ್ಕೆ ಹೋಗುವವರು ಉಸಿರಾಡುವ ಹೀಲಿಯಂ ಬೆರೆತ ಗ್ಯಾಸ್ ಮಾತ್ರ ಸೂಟಿಗೆ ಹಾಕಲೇಬೇಡಿ, ಹೀಲಿಯಂ ಗಾಳಿಗಿಂತ ಆರು ಪಟ್ಟು ಶಾಖ ಸಾಗಿಸುತ್ತದೆ. ಕಪ್ಪೆಯವರಿಗೆ ಇದು ಯಾವುದೂ ಬೇಕಾಗಿಲ್ಲ.

ನಡುಗುವ ಕಪ್ಪೆ:

ಮೂರು ವಾರ ಆಯಿತು, ವರದಿ ಒಪ್ಪಿಸಲು ಬಂದೆ.

ಕೊಂಡದ್ದು: ಬಳಸಿದ ಮೆರಿನೊ ಥರ್ಮಲ್ ಒಂದು ಜೊತೆ, ಮೊಣಕೈ ಹತ್ತಿರ ನುಸಿ ತಿಂದ ಸಣ್ಣ ತೂತು ಇತ್ತು, ಅದಕ್ಕೇ ಅಗ್ಗ. ಒಂದೇ ತುಂಡಿನ ಫ್ಲೀಸ್ ಉಡುಪು, ಕರಡಿ ಸಿಗಲಿಲ್ಲ, ನಕ್ಷತ್ರಗಳಿವೆ, ಟೊಪ್ಪಿ ಕತ್ತರಿಸಿದೆ. ಫ್ಲೀಸ್ ವೆಸ್ಟ್ ಮನೆಯಲ್ಲೇ ಇತ್ತು, ಜೇಬು ಬಿಚ್ಚಿ ಹಾಕಿದೆ. ಹೊಸದಾಗಿ ಕೊಂಡದ್ದು ಉಣ್ಣೆಯ ಕಾಲುಚೀಲ ಮಾತ್ರ, ಒಂದು ಅಳತೆ ದೊಡ್ಡದು. ಎಲ್ಲವನ್ನೂ ಊದಿ ನೋಡಿಯೇ ತಂದೆ, ಅಂಗಡಿಯವರು ನನ್ನನ್ನು ನೋಡಿದ ರೀತಿ ಇರಲಿ. ಎಲ್ಲ ಸೇರಿ ಒಳಸೂಟಿನ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಮನೆಯಲ್ಲೇ ಎಲ್ಲ ಹಾಕಿ ಮೇಲೆ ಸೂಟ್ ಏರಿಸಿ ಕುಕ್ಕರುಗಾಲಲ್ಲಿ ಕೂತು ಎದ್ದೆ, ಕೈ ತಲೆಯ ಹಿಂದೆ ಹಾಕಿ ಸಿಲಿಂಡರ್ ವಾಲ್ವ್ ಸಿಗುತ್ತದಾ ನೋಡಿದೆ. ಮೊದಲು ಸಿಗಲಿಲ್ಲ. ವೆಸ್ಟಿನ ಮೇಲೆ ಇನ್ನೊಂದು ಸ್ವೆಟರ್ ಹಾಕಿದ್ದೆ, ಆಸೆ ನೋಡಿ, ಅದನ್ನು ತೆಗೆದ ಮೇಲೆ ಸಿಕ್ಕಿತು. ಕೊನೇ ಗಳಿಗೆಯವರೆಗೂ ಜಿಪ್ ಹಾಕದೆ, ಸೂಟನ್ನು ಸೊಂಟಕ್ಕೆ ಇಳಿಬಿಟ್ಟುಕೊಂಡು ಬಾಕಿ ಸಾಮಾನೆಲ್ಲ ಜೋಡಿಸಿದೆ. ಬೆವರು ಬರಲೇ ಇಲ್ಲ ಅನ್ನಬಹುದು. ತೂಕ ನೋಡಿಕೊಂಡಾಗ 3 ಕಿಲೋ ಸೀಸ ಹೆಚ್ಚು ಬೇಕಾಯಿತು, ಬೆನ್ನಿಗೆ ಬೇಸರ, ಇರಲಿ.

ನೀರು 7 ಡಿಗ್ರಿ, ಅದೇ ಜಾಗ, ಅದೇ 18 ಮೀಟರ್. ಗಾಳಿ ಚುಸ್ ಚುಸ್ ಅಂತ ಹಾಕುತ್ತಾ ಇಳಿದೆ. 10 ಮೀಟರ್‌ನಲ್ಲಿ ಒಮ್ಮೆ ಬಟ್ಟೆ ಉಬ್ಬಿ ಬೆನ್ನಿಗೆ ಬಿಸಿ ಹತ್ತಿದಂತಾಯಿತು, ನಿಜ ಹೇಳುತ್ತೇನೆ, ನೀರಿನೊಳಗೇ ನಕ್ಕುಬಿಟ್ಟೆ, ಮಾಸ್ಕಿಗೆ ನೀರು ಬಂತು. 44 ನಿಮಿಷ ಇದ್ದೆ. ಈ ಸಲ ಮೊದಲು ಹೆಬ್ಬೆರಳು ತೋರಿಸಿದ್ದು ಜೊತೆಗಾರ.

ಕೈ ಮಾತ್ರ ಮರಗಟ್ಟಿತು. ನೀರು ಒಳಗೆ ಬರುವಂಥ 5 ಮಿಲಿಮೀಟರ್ ವೆಟ್ ಗ್ಲೌಸ್ ಹಾಕಿದ್ದೆ, ಅದನ್ನು ಮುಂದೆ ನೋಡಿಕೊಳ್ಳುತ್ತೇನೆ. ಈಗಿನ ತಲೆನೋವು ಬೇರೆ. ಮೇಲೆ ಬಂದು ಬಿಚ್ಚಿದಾಗ ಎಡ ಮಣಿಕಟ್ಟಿನಿಂದ ಮೊಣಕೈವರೆಗೂ ಮೆರಿನೊ ಒದ್ದೆ, ಬಲಗೈ ಒಣಗಿದೆ. ಎರಡನೇ ಡೈವಿನಲ್ಲೂ ಹಾಗೇ. ಸೀಲ್ ಹೊಸದು, ಕನ್ನಡಿ ಹಾಕಿ ನೋಡಿದರೂ ಹರಿದಿಲ್ಲ. ಡಂಪ್ ವಾಲ್ವಿನಲ್ಲಿ ನೂಲು ಸಿಕ್ಕಿದೆಯಾ?

ಗುಳ್ಳೆರಾಣಿ:

44 ನಿಮಿಷ! ಖುಷಿಯಾಯಿತು. ನಕ್ಷತ್ರಕ್ಕೆ ಜೈ.

ಡಂಪ್ ವಾಲ್ವ್ ಸೋರಿದರೆ ಒದ್ದೆ ಮೇಲ್ತೋಳಿನಿಂದ ಶುರುವಾಗುತ್ತದೆ, ನಿಮ್ಮದು ಮಣಿಕಟ್ಟಿನಿಂದ ಅನ್ನುತ್ತಿದ್ದೀರಿ. ಆ ಮೆರಿನೊ ಅಂಗಿಯ ತೋಳಿಗೆ ಹೆಬ್ಬೆರಳು ತೂರಿಸುವ ತೂತು ಇದೆಯಾ? ಸೂಟ್ ಹಾಕುವಾಗ ತೋಳು ಮೇಲೆ ಸರಿಯದಿರಲು ಅದು ಒಳ್ಳೆಯದು, ಆದರೆ ಆಮೇಲೆ ಬಿಡಿಸಿ ಬಟ್ಟೆಯನ್ನು ಸೀಲಿನಿಂದ ಎರಡು ಬೆರಳು ಹಿಂದಕ್ಕೆ ತಳ್ಳಬೇಕು. ಸೀಲಿನಡಿ ಬಟ್ಟೆಯ ಒಂದು ಮಡಿಕೆ ಇದ್ದರೂ ಅದು ಬತ್ತಿಯ ಥರ ನೀರು ಎಳೆಯುತ್ತದೆ. ಕುತ್ತಿಗೆಯದೂ ಅದೇ ಕಥೆ, ಎತ್ತರದ ಕಾಲರ್ ಇರುವುದನ್ನು ಹಾಕಿದರೆ ಮಡಚಿ ಕೆಳಗಿಳಿಸಿ. ಅದೂ ಅಲ್ಲದಿದ್ದರೆ ಎಡಗೈಯಲ್ಲಿ ಟಾರ್ಚ್ ಗಟ್ಟಿಯಾಗಿ ಹಿಡಿಯುತ್ತೀರಾ ಹೇಳಿ, ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಉಬ್ಬುವ ಸ್ನಾಯುಗಳ ಪಕ್ಕ ಸಣ್ಣ ಕಾಲುವೆ ಆಗಿ ನೀರು ಒಳಗೆ ಬರುತ್ತದೆ.

ನಡುಗುವ ಕಪ್ಪೆ:

ತೂತು ಇದೆ. ಬಲಗೈಯದನ್ನು ಬಿಡಿಸಿದ್ದು ಚೆನ್ನಾಗಿ ನೆನಪಿದೆ, ಎಡಗೈಯದು ನೆನಪಿಲ್ಲ, ಯಾಕೆಂದರೆ ಆಗ ಜೊತೆಗಾರನ ಮಾಸ್ಕ್ ಪಟ್ಟಿ ಸರಿಮಾಡುತ್ತಿದ್ದೆ. ಎರಡೂ ಸಲ.